ಮಲದ ಡಿಎನ್‌ಎ ಪರೀಕ್ಷೆ: ಕಿಟ್ ಬಿಚ್ಚುವುದರಿಂದ ಕೊಲೊನೋಸ್ಕೋಪಿಯವರೆಗೆ

ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಪಾಲಿಪ್‌ನಿಂದ, ಅಂದರೆ ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಆ ಗಂಟು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಅಷ್ಟೂ ಕಾಲ ಅದರ ಮೇಲ್ಪದರದ ಜೀವಕೋಶಗಳು ಉದುರಿ ಮಲದೊಂದಿಗೆ ಹೊರಗೆ ಹೋಗುತ್ತಲೇ ಇರುತ್ತವೆ. ಆ ಕೋಶಗಳ ಡಿಎನ್‌ಎಯಲ್ಲಿ ಆಗಿರುವ ಬದಲಾವಣೆಯನ್ನು ಹುಡುಕುವುದೇ ಮಲದ ಡಿಎನ್‌ಎ ಪರೀಕ್ಷೆ. ಇದು ಸಾಧ್ಯ ಎಂದು 1992ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಬರ್ಟ್ ವೋಗಲ್‌ಸ್ಟೈನ್ ತಂಡ ತೋರಿಸಿತು. ಮೇಯೊ ಕ್ಲಿನಿಕ್‌ನ ಡೇವಿಡ್ ಆಲ್‌ಕ್ವಿಸ್ಟ್ ಮತ್ತು ಎಕ್ಸಾಕ್ಟ್ ಸೈನ್ಸಸ್ ಕಂಪನಿ ಸೇರಿ ಅದನ್ನು ಮನೆಗೆ ಬರುವ ಕಿಟ್ ಆಗಿ ಮಾಡಿದರು. ಕೊಲೋಗಾರ್ಡ್ ಹೆಸರಿನ ಈ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರ ಆಗಸ್ಟ್‌ನಲ್ಲಿ ಅನುಮತಿ ಕೊಟ್ಟಿತು. ಸುಧಾರಿತ ಆವೃತ್ತಿ ಕೊಲೋಗಾರ್ಡ್ ಪ್ಲಸ್‌ಗೆ 2024ರ ಅಕ್ಟೋಬರ್‌ನಲ್ಲಿ ಸಿಕ್ಕಿತು. ಇಲ್ಲಿ ಹೇಳುವುದು ಮುಖ್ಯವಾಗಿ ಅಮೆರಿಕದಲ್ಲಿ ಈ ಕಿಟ್ ಬಳಸುವವರಿಗೆ. ಊರಿನಲ್ಲಿರುವವರಿಗೆ ಏನು ಸಿಗುತ್ತದೆ ಎಂಬುದು ಕೊನೆಯ ಭಾಗದಲ್ಲಿದೆ.

ಮೊದಲು ಇದು ನಿಮಗಾಗಿ ಇರುವ ಪರೀಕ್ಷೆಯೇ ನೋಡಿ

ಕಿಟ್ ತರಿಸುವ ಮೊದಲೇ ಮುಗಿಸಬೇಕಾದ ಕೆಲಸ ಇದು. ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಈ ಪರೀಕ್ಷೆ 45 ವರ್ಷ ದಾಟಿದ, ಯಾವ ಲಕ್ಷಣವೂ ಇಲ್ಲದ, ಸಾಧಾರಣ ಅಪಾಯದ ವ್ಯಕ್ತಿಗಳ ತಪಾಸಣೆಗೆ. ಮಲದಲ್ಲಿ ರಕ್ತ ಕಾಣುತ್ತಿದ್ದರೆ, ಕಾರಣ ಗೊತ್ತಾಗದೆ ಹಿಮೋಗ್ಲೋಬಿನ್ ಇಳಿದಿದ್ದರೆ, ತೂಕ ತಾನಾಗಿ ಕಡಿಮೆಯಾಗುತ್ತಿದ್ದರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ ಕಿಟ್ ಬೇಡ, ನೇರವಾಗಿ ವೈದ್ಯರ ಹತ್ತಿರ ಹೋಗಿ. ಅಂಥವರಿಗೆ ಬೇಕಿರುವುದು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ನಮ್ಮಲ್ಲಿ ರಕ್ತ ಕಂಡರೆ "ಉಷ್ಣ ಆಗಿದೆ", "ಪೈಲ್ಸ್ ಇರಬೇಕು" ಎಂದು ಎಳನೀರು ಕುಡಿದು ಸುಮ್ಮನಾಗುವ ಅಭ್ಯಾಸ ಜಾಸ್ತಿ. ರಕ್ತ ಹೋಗುತ್ತಿರುವಾಗ ಡಿಎನ್‌ಎ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತೆಂದು ಧೈರ್ಯ ತಂದುಕೊಳ್ಳುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಈಗ ಕೈಯಲ್ಲಿ ಒಂದು ಕಾಗದವೂ ಇರುತ್ತದೆ.

ಹಿಂದೆ ಅಡಿನೋಮಾ ಜಾತಿಯ (ಮುಂದೆ ಕ್ಯಾನ್ಸರ್ ಆಗಬಹುದಾದ) ಪಾಲಿಪ್ ತೆಗೆಸಿಕೊಂಡವರು, ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರು, ಹೆತ್ತವರಿಗೋ ಒಡಹುಟ್ಟಿದವರಿಗೋ ಮಕ್ಕಳಿಗೋ ಕರುಳಿನ ಕ್ಯಾನ್ಸರ್ ಬಂದಿರುವವರು ಕೂಡ ಈ ಕಿಟ್‌ನ ವ್ಯಾಪ್ತಿಗೆ ಬರುವುದಿಲ್ಲ. ಅಪ್ಪನಿಗೋ ಅಕ್ಕನಿಗೋ 60 ತುಂಬುವ ಮೊದಲೇ ಬಂದಿದ್ದರೆ, ನೀವು 40ನೇ ವಯಸ್ಸಿನಲ್ಲಿ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಕೊಲೊನೋಸ್ಕೋಪಿ ಶುರುಮಾಡಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ.

"ಜೀನ್ ಪರೀಕ್ಷೆ" ಎಂಬ ಮಾತಿನಿಂದ ಇನ್ನೊಂದು ಗೊಂದಲವಾಗುತ್ತದೆ. ಮಲದಲ್ಲಿ ಹುಡುಕುವುದು ಕರುಳಿನ ಕೋಶಗಳಲ್ಲಿ ಬದುಕಿನ ನಡುವೆ ಆದ ಬದಲಾವಣೆಯನ್ನು. ಅದು ಮಕ್ಕಳಿಗೆ ಹೋಗುವಂಥದ್ದಲ್ಲ. ವಂಶದಲ್ಲಿ ಹರಿದುಬರುವ, ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಇದೆಯೇ ಎಂದು ತಿಳಿಯಲು ರಕ್ತ ಅಥವಾ ಎಂಜಲಿನಿಂದ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಮುಂತಾದ ಜೀನ್‌ಗಳನ್ನು ನೋಡಬೇಕು. ಕೊಲೋಗಾರ್ಡ್ ನೆಗೆಟಿವ್ ಬಂತು ಎಂದರೆ "ನಮ್ಮ ಮನೆತನದಲ್ಲಿ ಇಲ್ಲ" ಎಂದು ಅರ್ಥವಲ್ಲ.

ಯಾವ ದಿನ ಮಾಡಬೇಕು

ಪಥ್ಯ ಇಲ್ಲ, ಉಪವಾಸ ಇಲ್ಲ, ಭೇದಿ ಔಷಧಿ ಇಲ್ಲ. ಮಾಂಸ ತಿನ್ನಬಹುದು, ಆಸ್ಪಿರಿನ್ ನಿಲ್ಲಿಸಬೇಕಿಲ್ಲ. ಮಲದಲ್ಲಿ ರಕ್ತ ಹುಡುಕುವ ಹಳೆಯ ಗ್ವಾಯಕ್ ಕಾಗದದ ಪರೀಕ್ಷೆ ಪ್ರಾಣಿರಕ್ತವನ್ನೂ ಹಿಡಿಯುತ್ತಿದ್ದರಿಂದ ಅದಕ್ಕೆ ಪಥ್ಯ ಬೇಕಿತ್ತು. ಈ ಕಿಟ್ ಕೂಡ ಡಿಎನ್‌ಎ ಜೊತೆಗೆ ರಕ್ತವನ್ನು ಹುಡುಕುತ್ತದೆ, ಆದರೆ ಮನುಷ್ಯರ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುತ್ತದೆ.

ಭೇದಿಯಾಗುತ್ತಿದ್ದರೆ, ಮುಟ್ಟಾಗಿದ್ದರೆ, ಮೂಲವ್ಯಾಧಿಯಿಂದ ರಕ್ತ ಒಸರುತ್ತಿದ್ದರೆ, ಕೈಯಲ್ಲಿ ಹಸಿ ಗಾಯವಿದ್ದರೆ ಆ ದಿನ ಬೇಡ. ರಕ್ತ ಎಲ್ಲಿಂದ ಬಂದರೂ ಪರೀಕ್ಷೆಗೆ ಒಂದೇ, ಪಾಸಿಟಿವ್ ಆಗಿಬಿಡುತ್ತದೆ. ನೀರಾದ ಮಲದಲ್ಲಿ ಕೋಶಗಳು ತೆಳುವಾಗಿ ಹರಡಿಕೊಳ್ಳುವುದರಿಂದ ಸಿಗಬೇಕಾದದ್ದು ಸಿಗದೆ ಹೋಗಬಹುದು.

ವಾರದ ಆರಂಭ ಆರಿಸಿಕೊಳ್ಳಿ. ಪೆಟ್ಟಿಗೆ ಸಂಗ್ರಹಿಸಿದ ದಿನವೇ, ತಪ್ಪಿದರೆ ಮರುದಿನ, ಯುಪಿಎಸ್ ಕೊರಿಯರ್‌ನವರ ಕೈ ಸೇರಬೇಕು. ಮಾದರಿಗೆ ಗಂಟೆಗಳ ಲೆಕ್ಕದಲ್ಲಿ ಗಡುವಿದೆ, ಆ ಸಂಖ್ಯೆ ಕಿಟ್‌ನ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಶನಿವಾರ ಸಂಜೆ ಅಥವಾ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯ ಹಿಂದಿನ ದಿನ ಸಂಗ್ರಹಿಸಿದ ಮಾದರಿ ದಾರಿಯಲ್ಲೇ ಅವಧಿ ಮೀರುವುದು ಮಾಮೂಲು. ಹೊರಡುವ ದಿನ ಯುಪಿಎಸ್‌ಗೆ ಮನೆಯಿಂದ ಒಯ್ಯಲು ಹೇಳಿ, ಇಲ್ಲವೇ ನೀವೇ ಅಂಗಡಿಗೆ ಕೊಟ್ಟು ಬನ್ನಿ.

ಸಂಗ್ರಹಿಸುವ ಕ್ರಮ

ಪೆಟ್ಟಿಗೆಯಲ್ಲಿ ಇರುವುದು: ಕಮೋಡ್‌ಗೆ ಕೂರಿಸುವ ಪ್ಲಾಸ್ಟಿಕ್ ಚೌಕಟ್ಟು, ಮಲ ಹಿಡಿಯುವ ಡಬ್ಬ, ಮುಚ್ಚಳಕ್ಕೇ ಕಡ್ಡಿ ಅಂಟಿರುವ ಸಣ್ಣ ಟ್ಯೂಬ್, ಒಂದು ಬಾಟಲಿ ಸಂರಕ್ಷಕ ದ್ರವ, ಹೆಸರಿನ ಲೇಬಲ್‌ಗಳು, ಚೀಲ, ಸೂಚನೆಯ ಪುಸ್ತಿಕೆ. ಮೊದಲು ಕಿಟ್‌ನ ಮೇಲಿನ ಕಡೆಯ ದಿನಾಂಕ ನೋಡಿ. ಮೂರು ತಿಂಗಳು ಕಪಾಟಿನಲ್ಲಿ ಕೂತಿದ್ದ ಪೆಟ್ಟಿಗೆಗಳಲ್ಲಿ ಇದು ದಾಟಿರುವುದುಂಟು. ಪೆಟ್ಟಿಗೆಯನ್ನು ಎಸೆಯಬೇಡಿ, ವಾಪಸ್ ಕಳಿಸುವುದೂ ಅದರಲ್ಲೇ.

ಮೊದಲೇ ಮೂತ್ರ ಮಾಡಿ ಬನ್ನಿ. ಕಮೋಡ್‌ನ ಸೀಟು ಎತ್ತಿ, ಚೌಕಟ್ಟನ್ನು ಹಿಂಭಾಗದ ಕಡೆ ಅಂಚಿನ ಮೇಲೆ ಅಡ್ಡ ಇಟ್ಟು, ಸೀಟು ಇಳಿಸಿ. ಡಬ್ಬದ ಮುಚ್ಚಳ ತೆಗೆದು ಚೌಕಟ್ಟಿನ ನಡುವಿನ ತೂತಿನಲ್ಲಿ ಕೂರಿಸಿ. ಮಲ ನೇರವಾಗಿ ಡಬ್ಬಕ್ಕೆ ಬೀಳಬೇಕು. ಮೂತ್ರ, ನೀರು, ಟಾಯ್ಲೆಟ್ ಪೇಪರ್ ಯಾವುದೂ ಅದಕ್ಕೆ ಸೇರಬಾರದು. ನೀರಿನಿಂದ ತೊಳೆದುಕೊಳ್ಳುವ ಅಭ್ಯಾಸದವರು ಡಬ್ಬವನ್ನು ತೆಗೆದು ಪಕ್ಕಕ್ಕಿಟ್ಟ ನಂತರವೇ ಜೆಟ್ ಮುಟ್ಟಿ. ಇದು ಹೇಳಲು ಮುಜುಗರದ ಮಾತಾದರೂ ಹಾಳಾಗುವ ದಾರಿ ಇದೂ ಒಂದು. ಒಂದೇ ಸಲದ ಮಲ ಸಾಕು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಂದು ಕೂಡಿಸಬೇಡಿ.

ಈಗ ಡಬ್ಬವನ್ನು ಸಮತಟ್ಟಾದ ಜಾಗದಲ್ಲಿಡಿ. ಮುಂದಿನ ಎರಡು ಹೆಜ್ಜೆಗಳ ಕ್ರಮ ತಪ್ಪಬಾರದು. ಮೊದಲು ಟ್ಯೂಬ್, ಆಮೇಲೆ ಬಾಟಲಿ.

ಟ್ಯೂಬಿನ ಮುಚ್ಚಳ ತಿರುಗಿಸಿ ಕಡ್ಡಿಯನ್ನು ಹೊರಗೆಳೆಯಿರಿ. ಒಳಗಿನ ದ್ರವ ಚೆಲ್ಲಬೇಡಿ. ಕಡ್ಡಿಯ ತುದಿಯ ಗೀರುಗಳು ತುಂಬುವಷ್ಟು ಮಲವನ್ನು ಮೇಲ್ಮೈಯ ಬೇರೆ ಬೇರೆ ಕಡೆಗಳಲ್ಲಿ ಕೆರೆದು ತೆಗೆಯಿರಿ. ಒಂದೇ ಕಡೆ ಚುಚ್ಚಿದರೆ ಸಾಲದು, ಏಕೆಂದರೆ ರಕ್ತ ಮಲದಲ್ಲಿ ಸಮನಾಗಿ ಬೆರೆತಿರುವುದಿಲ್ಲ. ದೊಡ್ಡ ಮುದ್ದೆ ಹತ್ತಿಸಿಕೊಂಡರೂ ತಪ್ಪೇ. ಕಡ್ಡಿಯನ್ನು ಟ್ಯೂಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಈ ಟ್ಯೂಬ್ ಹಿಮೋಗ್ಲೋಬಿನ್ ನೋಡಲು.

ಆಮೇಲೆ ಬಾಟಲಿಯ ಇಡೀ ದ್ರವವನ್ನು ಡಬ್ಬದ ಮಲದ ಮೇಲೆ ಸುರಿಯಿರಿ. ಅರ್ಧ ಉಳಿಸಬೇಡಿ. ಇದರಲ್ಲಿರುವ ಇಡಿಟಿಎ, ಡಿಎನ್‌ಎಯನ್ನು ತುಂಡರಿಸುವ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ದ್ರವ ಕಡಿಮೆಯಾದರೆ ಬ್ಯಾಕ್ಟೀರಿಯಾ ತಮ್ಮ ಕೆಲಸ ಮುಂದುವರಿಸುತ್ತವೆ. ಮೊದಲೇ ಇದನ್ನು ಸುರಿದುಬಿಟ್ಟು ಆಮೇಲೆ ಕಡ್ಡಿ ಅದ್ದಿದರೆ ರಕ್ತದ ಭಾಗದ ಪರೀಕ್ಷೆ ಕೆಟ್ಟಂತೆ. ಸುರಿದ ಮೇಲೂ ಮಲ ದ್ರವದಿಂದ ಮೇಲೆ ಎದ್ದು ಕಾಣುತ್ತಿದ್ದರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ. ಅದನ್ನು ಕಳಿಸದೆ ಕಿಟ್‌ನ ಸಹಾಯವಾಣಿಗೆ ಕರೆಮಾಡಿ ಹೊಸದು ಕೇಳುವುದು ಮೇಲು. ದ್ರವ ಕೈಗೋ ಕಣ್ಣಿಗೋ ತಾಗಿದರೆ ನೀರಿನಿಂದ ತೊಳೆಯಿರಿ. ಮಕ್ಕಳಿಗೆ ಸಿಗುವಂತೆ ಇಡಬೇಡಿ.

ಡಬ್ಬದ ಮುಚ್ಚಳ ಇನ್ನು ತಿರುಗದು ಎನ್ನುವವರೆಗೆ ಬಿಗಿ ಮಾಡಿ. ಸೋರಿದರೆ ಮಾದರಿ ಹಾಳಾದಂತೆ. ಲೇಬಲ್‌ಗಳಲ್ಲಿ ಹೆಸರು, ಹುಟ್ಟಿದ ದಿನಾಂಕ, ಸಂಗ್ರಹಿಸಿದ ದಿನಾಂಕ ಮತ್ತು ಗಂಟೆ ಬರೆಯಿರಿ. ಇಲ್ಲಿ ಎರಡು ಎಚ್ಚರಿಕೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜುಲೈ 4 ಎನ್ನಲು 4/7 ಎಂದು ಬರೆದರೆ ಏಪ್ರಿಲ್ 7 ಆಗುತ್ತದೆ, ಲ್ಯಾಬಿಗೆ ನಿಮ್ಮ ಮಾದರಿ ಮೂರು ತಿಂಗಳ ಹಳೆಯದು. ಎರಡನೆಯದಾಗಿ, ವೈದ್ಯರ ದಾಖಲೆಯಲ್ಲಿರುವ ಹೆಸರೇ ಇರಲಿ. ಊರಿನ ಹೆಸರು, ಅಪ್ಪನ ಹೆಸರು ಹಿಂದೆ ಮುಂದೆ ಆಗುವ ನಮ್ಮ ಹೆಸರುಗಳಲ್ಲಿ ಹೊಂದಿಕೆಯಾಗದೆ ನಿಂತುಹೋಗುವುದುಂಟು. ದಿನಾಂಕ ಮತ್ತು ಗಂಟೆ ಬಿಟ್ಟರೆ ಮಾದರಿ ಎಷ್ಟು ಒಳ್ಳೆಯದಿದ್ದರೂ ತಿರಸ್ಕಾರವಾಗಬಹುದು. ಫ್ರಿಜ್‌ನಲ್ಲಿಡುವುದು ಬೇಡ, ಫ್ರೀಜರ್ ಬೇಡವೇ ಬೇಡ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಆಫೀಸಿಗೆ ಹೋಗಬೇಡಿ.

ಸಂಗ್ರಹದ ತಪ್ಪು ಸಣ್ಣದಲ್ಲ. ಕೊಲೋಗಾರ್ಡ್‌ನ ಮೊದಲ ದೊಡ್ಡ ಅಧ್ಯಯನದಲ್ಲಿ 689 ಜನರ ಡಿಎನ್‌ಎ ಮಾದರಿ ಸಂಗ್ರಹದ ಅಥವಾ ಪರೀಕ್ಷೆಯ ತೊಂದರೆಗಳಿಂದ ಲೆಕ್ಕಕ್ಕೆ ಬರಲಿಲ್ಲ. ರಕ್ತ ಮಾತ್ರ ನೋಡುವ ಫಿಟ್ ಪರೀಕ್ಷೆಯಲ್ಲಿ ಹಾಗಾದದ್ದು 34.

ಲ್ಯಾಬಿನಲ್ಲಿ ಏನಾಗುತ್ತದೆ

ಇದನ್ನು ತಿಳಿದರೆ ಮೇಲಿನ ನಿಯಮಗಳು ಹಠ ಅನ್ನಿಸುವುದಿಲ್ಲ. ಮಲದಲ್ಲಿರುವ ಡಿಎನ್‌ಎಯ ಬಹುತೇಕ ಎಲ್ಲವೂ ಬ್ಯಾಕ್ಟೀರಿಯಾದ್ದು. ಮನುಷ್ಯರದ್ದು ಅದರಲ್ಲಿ ಅತಿ ಸಣ್ಣ ಪಾಲು, ಪಾಲಿಪ್‌ನಿಂದ ಬಂದದ್ದು ಆ ಪಾಲಿನಲ್ಲೂ ಒಂದು ಚೂರು. ಹಾಗಾಗಿಯೇ ಕಡ್ಡಿಯ ತುದಿಯಷ್ಟು ಸಾಲದೆ ಇಡೀ ಮಲ ಬೇಕಾಗುವುದು.

ಡಬ್ಬದಲ್ಲಿರುವುದನ್ನು ಲ್ಯಾಬ್ ದ್ರವದೊಂದಿಗೆ ಚೆನ್ನಾಗಿ ಕಲಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ತೆಗೆದುಕೊಳ್ಳುತ್ತದೆ. ಊಟದ ಮತ್ತು ಪಿತ್ತದ ಉಳಿಕೆಗಳು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಮಾದರಿಯ ಕ್ರಿಯೆಗೆ ಅಡ್ಡ ಬರುವುದರಿಂದ ಅವನ್ನು ಹೀರಿಕೊಳ್ಳುವ ಪುಡಿ ಹಾಕುತ್ತಾರೆ. ಆಮೇಲೆ ಬೇಕಾದ ಜೀನ್‌ಗೆ ಮಾತ್ರ ಅಂಟುವ ಸಣ್ಣ ಡಿಎನ್‌ಎ ಎಳೆಗಳನ್ನು ಹೊತ್ತ ಕಾಂತೀಯ ಮಣಿಗಳಿಂದ ಆ ತುಣುಕುಗಳನ್ನು ಹೆಕ್ಕುತ್ತಾರೆ. ಬೈಸಲ್ಫೈಟ್ ರಾಸಾಯನಿಕ ಹಾಕಿದಾಗ, ಮೆಥೈಲ್ ಗುಂಪು (ಡಿಎನ್‌ಎಗೆ ಅಂಟಿಕೊಳ್ಳುವ ಒಂದು ಸಣ್ಣ ರಾಸಾಯನಿಕ ತುಣುಕು) ಇರುವ ಜಾಗ ಹಾಗೇ ಉಳಿಯುತ್ತದೆ, ಇಲ್ಲದ ಜಾಗ ಬದಲಾಗುತ್ತದೆ. ಈ ವ್ಯತ್ಯಾಸವೇ ಸುಳಿವು. ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಜೀನ್‌ಗಳಿಗೆ ಮೆಥೈಲ್ ಬೀಗ ಬಿದ್ದಿರುತ್ತದೆ.

ಮೊದಲ ಕೊಲೋಗಾರ್ಡ್ ಹುಡುಕುತ್ತಿದ್ದುದು ಎನ್‌ಡಿಆರ್‌ಜಿ4 ಮತ್ತು ಬಿಎಂಪಿ3 ಜೀನ್‌ಗಳ ಮೆಥೈಲೀಕರಣ, ಕೆಆರ್‌ಎಎಸ್ ಜೀನ್‌ನ ಏಳು ರೂಪಾಂತರಗಳು, ಜೊತೆಗೆ ಹಿಮೋಗ್ಲೋಬಿನ್. ಮನುಷ್ಯರ ಡಿಎನ್‌ಎ ಸಾಕಷ್ಟು ಬಂದಿದೆಯೇ ಎಂದು ಅಳೆಯಲು ಬೀಟಾ ಆಕ್ಟಿನ್ ಜೀನ್. ಎಲ್ಲವನ್ನೂ ಸೇರಿಸಿ ಒಂದು ಅಂಕ ಕೊಡುತ್ತಾರೆ. ಅಧ್ಯಯನದಲ್ಲಿ 183 ಅಥವಾ ಹೆಚ್ಚು ಬಂದರೆ ಪಾಸಿಟಿವ್. ಪ್ಲಸ್ ಆವೃತ್ತಿಯಲ್ಲಿ ಕೆಆರ್‌ಎಎಸ್ ಬಿಟ್ಟು ಎಲ್‌ಎಎಸ್‌ಎಸ್4, ಎಲ್‌ಆರ್‌ಆರ್‌ಸಿ4, ಪಿಪಿಪಿ2ಆರ್5ಸಿ ಎಂಬ ಮೂರು ಜೀನ್‌ಗಳ ಮೆಥೈಲೀಕರಣಕ್ಕೆ ಹೋಗಿದ್ದಾರೆ. ಹಿಮೋಗ್ಲೋಬಿನ್ ಮಾತ್ರ ಉಳಿದಿದೆ. ಫಲಿತಾಂಶ ಸುಮಾರು ಎರಡು ವಾರದಲ್ಲಿ ವೈದ್ಯರಿಗೆ ಬರುತ್ತದೆ, ಬರೀ ಪಾಸಿಟಿವ್ ಅಥವಾ ನೆಗೆಟಿವ್ ಎಂದು. "ಸ್ಯಾಂಪಲ್ ಪ್ರಕ್ರಿಯೆ ಆಗಲಿಲ್ಲ" ಎಂದು ಬಂದರೆ ಅದು ನೆಗೆಟಿವ್ ಅಲ್ಲ, ಮತ್ತೆ ಮಾಡಬೇಕು.

ಪಾಸಿಟಿವ್ ಎಂದರೆ ಎಷ್ಟು ಹೆದರಬೇಕು

2014ರಲ್ಲಿ ಪ್ರಕಟವಾದ ಅಧ್ಯಯನದ 9,989 ಜನರಿಗೆ ಡಿಎನ್‌ಎ ಪರೀಕ್ಷೆಯೂ ಕೊಲೊನೋಸ್ಕೋಪಿಯೂ ಆಗಿತ್ತು. ಕ್ಯಾನ್ಸರ್ ಇದ್ದದ್ದು 65 ಜನಕ್ಕೆ. ಡಿಎನ್‌ಎ ಪರೀಕ್ಷೆ 60 ಹಿಡಿಯಿತು, ಫಿಟ್ 48. ಶೇಕಡಾವಾರು 92.3 ಮತ್ತು 73.8. ಇಷ್ಟೇ ಜಾಹೀರಾತಿನಲ್ಲಿ ಕಾಣುವುದು. ಉಳಿದದ್ದನ್ನೂ ನೋಡಿ. ಒಟ್ಟು ಪಾಸಿಟಿವ್ ಬಂದವರು ಸುಮಾರು 1,600. ಅವರಲ್ಲಿ ಕ್ಯಾನ್ಸರ್ ಇದ್ದದ್ದು ನೂರಕ್ಕೆ ನಾಲ್ವರಿಗಿಂತ ಕಡಿಮೆ ಜನಕ್ಕೆ, ಮುಂದುವರಿದ (ಕ್ಯಾನ್ಸರ್ ಆಗುವ ಸಾಧ್ಯತೆ ಹೆಚ್ಚಿರುವ) ಪಾಲಿಪ್ ಇದ್ದದ್ದು ನೂರಕ್ಕೆ ಇಪ್ಪತ್ತು ಜನಕ್ಕೆ. ಉಳಿದವರಲ್ಲಿ ಸಣ್ಣ ಪಾಲಿಪ್ ಅಥವಾ ಏನೂ ಇಲ್ಲ. ಪಾಸಿಟಿವ್ ಕಾಗದ ಕೈಗೆ ಬಂದ ರಾತ್ರಿ ನಿದ್ದೆಗೆಡಬೇಕಿಲ್ಲ ಎನ್ನುವುದಕ್ಕೆ ಇದು ಆಧಾರ. ಐದರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗುವ ಮೊದಲೇ ಕತ್ತರಿಸಿ ತೆಗೆಯಬಹುದಾದ ಗಂಟು ಸಿಕ್ಕಿದೆ ಎನ್ನುವುದು ಪರೀಕ್ಷೆಯ ನಿಜವಾದ ಲಾಭ.

ನೆಗೆಟಿವ್‌ನ ಲೆಕ್ಕ ಅಷ್ಟು ಹಿತವಾಗಿಲ್ಲ. ಮುಂದುವರಿದ ಪಾಲಿಪ್ ಇದ್ದ 757 ಜನರಲ್ಲಿ ಪರೀಕ್ಷೆ ಹಿಡಿದದ್ದು ಶೇ. 42.4 ಮಾತ್ರ. ಅರ್ಧಕ್ಕಿಂತ ಹೆಚ್ಚು ತಪ್ಪಿಸಿಕೊಂಡವು. ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು ಎನ್ನುವುದಕ್ಕೆ ಕಾರಣ ಇದೇ. ಒಂದು ಸಲ ನೆಗೆಟಿವ್ ಬಂದು ಬಿಟ್ಟುಬಿಟ್ಟವರಿಗೆ ಈ ಪರೀಕ್ಷೆಯಿಂದ ಸಿಕ್ಕಿದ್ದು ಅರ್ಧ ಪ್ರಯೋಜನ. 2024ರಲ್ಲಿ ಪ್ರಕಟವಾದ, 20,176 ಜನರ ಅಧ್ಯಯನದಲ್ಲಿ ಪ್ಲಸ್ ಆವೃತ್ತಿ ಶೇ. 93.9 ಕ್ಯಾನ್ಸರ್ ಹಿಡಿಯಿತು, ಮುಂದುವರಿದ ಪಾಲಿಪ್ ಶೇ. 43.4. ಸುಳ್ಳು ಪಾಸಿಟಿವ್ ಮಾತ್ರ ಗಮನಾರ್ಹವಾಗಿ ಇಳಿದಿದೆ. ಪಾಲಿಪ್ ಹಿಡಿಯುವುದರಲ್ಲಿ ಕೊಲೊನೋಸ್ಕೋಪಿಗೆ ಸಮನಾದದ್ದು ಇನ್ನೂ ಬಂದಿಲ್ಲ.

ವಯಸ್ಸಾದಂತೆ ಸಹಜವಾಗಿಯೇ ಡಿಎನ್‌ಎಗೆ ಮೆಥೈಲ್ ಗುಂಪುಗಳು ಸೇರುವುದರಿಂದ ಎಪ್ಪತ್ತು ದಾಟಿದವರಲ್ಲಿ ಸುಳ್ಳು ಪಾಸಿಟಿವ್ ಹೆಚ್ಚು. 76ರ ನಂತರ ಮಾಡಿಸಬೇಕೇ ಎಂಬುದನ್ನು ಆರೋಗ್ಯ ನೋಡಿ ವೈದ್ಯರ ಜೊತೆ ತೀರ್ಮಾನಿಸಬೇಕು. ಕೊಲೊನೋಸ್ಕೋಪಿ ತಡೆದುಕೊಳ್ಳಲಾಗದ ಸ್ಥಿತಿಯಲ್ಲಿರುವ ಅಜ್ಜನಿಗೆ ಈ ಕಿಟ್ ಕೊಡಿಸುವುದರಲ್ಲಿ ಅರ್ಥವಿಲ್ಲ. ಪಾಸಿಟಿವ್ ಬಂದರೆ ಮುಂದೇನು?

ಪಾಸಿಟಿವ್ ಬಂದ ಮೇಲೆ

ಕೊಲೊನೋಸ್ಕೋಪಿ. ಇನ್ನೊಂದು ಕಿಟ್ ತರಿಸಿ "ಎರಡನೇ ಸಲ ನೆಗೆಟಿವ್ ಬಂತು" ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು, ಫಿಟ್ ಮಾಡಿ ತಾಳೆ ನೋಡುವುದೂ ತಪ್ಪು. ಪಾಲಿಪ್ ಪ್ರತಿದಿನ ಒಂದೇ ಪ್ರಮಾಣದಲ್ಲಿ ಕೋಶ ಉದುರಿಸುವುದಿಲ್ಲ, ಪ್ರತಿದಿನ ರಕ್ತ ಒಸರುವುದೂ ಇಲ್ಲ.

ಎರಡು ಮೂರು ತಿಂಗಳೊಳಗೆ ಮುಗಿಸಿ. ಅಮೆರಿಕದ ಆರೋಗ್ಯ ಸಂಸ್ಥೆ ಕೈಸರ್ ಪರ್ಮನೆಂಟೆಯ ದಾಖಲೆಗಳ ಮೇಲೆ 2017ರಲ್ಲಿ ಬಂದ ಅಧ್ಯಯನದಲ್ಲಿ, ಫಿಟ್ ಪಾಸಿಟಿವ್ ಆದ ಮೇಲೆ ಹತ್ತು ತಿಂಗಳು ದಾಟಿಸಿದವರಲ್ಲಿ ಕ್ಯಾನ್ಸರ್ ಕಂಡುಬರುವುದು ಹೆಚ್ಚಿತ್ತು. ಸ್ಲಾಟ್ ಸಿಗದಿದ್ದರೆ "ಸ್ಟೂಲ್ ಟೆಸ್ಟ್ ಪಾಸಿಟಿವ್" ಎಂದು ಸ್ಪಷ್ಟವಾಗಿ ಹೇಳಿ ಕೇಳಿ.

ಹಣದ ವಿಷಯ. ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ 45ರಿಂದ 85 ವಯಸ್ಸಿನ ಅರ್ಹರಿಗೆ ಮೂರು ವರ್ಷಕ್ಕೊಮ್ಮೆ ಇದನ್ನು ಭರಿಸುತ್ತದೆ. ಮೊದಲ ಆವೃತ್ತಿಗೆ ಅದು ಕೊಡುತ್ತಿದ್ದ ದರ 508.87 ಡಾಲರ್. ಹಿಂದೆ ಕಿಟ್ ಉಚಿತ, ಪಾಸಿಟಿವ್ ನಂತರದ ಕೊಲೊನೋಸ್ಕೋಪಿಗೆ ದೊಡ್ಡ ಬಿಲ್ ಎಂಬ ವಿಚಿತ್ರ ಇತ್ತು. ಖಾಸಗಿ ವಿಮೆಯಲ್ಲಿ 2022ರ ಮೇ 31ರ ನಂತರ ಶುರುವಾದ ಪಾಲಿಸಿ ವರ್ಷಗಳಿಂದ, ಮೆಡಿಕೇರ್‌ನಲ್ಲಿ 2023ರಿಂದ, ಆ ಕೊಲೊನೋಸ್ಕೋಪಿಯೂ ತಪಾಸಣೆಯ ಮುಂದುವರಿಕೆ ಎಂದೇ ಲೆಕ್ಕ. ಬಿಲ್ಲಿಂಗ್‌ನವರು ಅದನ್ನು ರೋಗಪತ್ತೆ ಎಂದು ದಾಖಲಿಸಿದರೆ ಹಣ ಕೇಳುತ್ತಾರೆ. ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿ. ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಮಾಡಿಸೋಣ ಎಂದುಕೊಳ್ಳುವವರು ಗಮನಿಸಿ: ಸಾಮಾನ್ಯ ವಿಸಿಟರ್ ವಿಮೆ ಇಂಥ ತಪಾಸಣೆಗೆ ಹಣ ಕೊಡುವುದಿಲ್ಲ.

ಊರಿನಲ್ಲಿರುವವರಿಗೆ

ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಕಿಟ್ ತಂದು ಬೆಂಗಳೂರಿನಲ್ಲಿ ಬಳಸಲಾಗದು. ಮಾದರಿ ಗಡುವಿನೊಳಗೆ ಆ ಕಂಪನಿಯ ಲ್ಯಾಬಿಗೇ ಸೇರಬೇಕು. ಭಾರತ ಸರ್ಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠ ಈ ಮೂರಕ್ಕೆ. ದೊಡ್ಡ ಕರುಳಿಗೆ ನಾವಾಗಿ ಹೋಗಿ ಕೇಳಬೇಕು. ಕೇಳಬೇಕಾದದ್ದು ಫಿಟ್, ವರ್ಷಕ್ಕೊಮ್ಮೆ. ಬೆಲೆಯಲ್ಲಿ ಡಿಎನ್‌ಎ ಪರೀಕ್ಷೆಯ ಹತ್ತಿರಕ್ಕೂ ಬರುವುದಿಲ್ಲ. ತಪ್ಪದೆ ವರ್ಷವರ್ಷ ಮಾಡಿಸಿದ ಫಿಟ್, ಒಂದೇ ಸಲ ಮಾಡಿಸಿ ಮರೆತ ದುಬಾರಿ ಡಿಎನ್‌ಎ ಪರೀಕ್ಷೆಗಿಂತ ಖಂಡಿತ ಮೇಲು.

ಲ್ಯಾಬಿನಲ್ಲಿ "ಸ್ಟೂಲ್ ಅಕಲ್ಟ್ ಬ್ಲಡ್" ಎಂದರೆ ಕೆಲವು ಕಡೆ ಹಳೆಯ ಗ್ವಾಯಕ್ ವಿಧಾನವನ್ನೇ ಮಾಡುತ್ತಾರೆ. ಇಮ್ಯುನೋಕೆಮಿಕಲ್ ವಿಧಾನವೇ, ಅಂದರೆ ಫಿಟ್ ಆಗಿದೆಯೇ ಎಂದು ಕೇಳಿ, ಸಾಧ್ಯವಾದರೆ ಅಂಕಿಯಲ್ಲಿ ಫಲಿತಾಂಶ ಕೊಡುವ ಲ್ಯಾಬ್ ಆರಿಸಿ. ಒಂದು ಗ್ರಾಂ ಮಲಕ್ಕೆ 20 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಎಂಬುದು ಬಹಳ ಕಡೆ ಬಳಸುವ ಗಡಿ. ಹಿಮೋಗ್ಲೋಬಿನ್ ಸೆಖೆಗೆ ಬೇಗ ಒಡೆಯುತ್ತದೆ, ಬೇಸಿಗೆಯಲ್ಲಿ ಫಿಟ್ ಪಾಸಿಟಿವ್ ಕಡಿಮೆ ಬರುವುದನ್ನು ಇಟಲಿಯಲ್ಲೇ ಕಂಡಿದ್ದಾರೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮಾದರಿಯನ್ನು ಬೆಳಿಗ್ಗೆಯೇ ತೆಗೆದು ಅಂದೇ ತಲುಪಿಸಿ. ಫಿಟ್ ಟ್ಯೂಬನ್ನು, ಡಿಎನ್‌ಎ ಡಬ್ಬದ ಹಾಗಲ್ಲದೆ, ತಂಪಿನಲ್ಲಿಡಬಹುದು. ಕೊಕ್ಕೆಹುಳುವಿನ ಸೋಂಕಿನಿಂದಲೂ ಮಲದಲ್ಲಿ ರಕ್ತ ಬರಬಹುದು. ಆದರೆ ಹುಳುವಿನ ಮಾತ್ರೆ ನುಂಗಿ ಅಲ್ಲಿಗೆ ನಿಲ್ಲಿಸಬೇಡಿ. ನಲವತ್ತೈದು ದಾಟಿದವರಿಗೆ ಪಾಸಿಟಿವ್ ಬಂದರೆ ಇಲ್ಲೂ ಕೊಲೊನೋಸ್ಕೋಪಿಯೇ. ಇಂಡಿಯನ್ ಶೈಲಿಯ ಕಕ್ಕಸು ಇರುವ ಮನೆಯಲ್ಲಿ ಮಲ ನೀರಿಗೆ ಬೀಳದಂತೆ ಅಗಲವಾದ ಒಣ ಪ್ಲಾಸ್ಟಿಕ್ ಪಾತ್ರೆ ಅಥವಾ ದಪ್ಪ ಕಾಗದ ಹಾಸಿಕೊಳ್ಳಿ.

ಯಾವ ಊರಲ್ಲೇ ಆಗಲಿ, ಕೊಲೊನೋಸ್ಕೋಪಿ ಪೂರ್ತಿಯಾಗಿ, ಕರುಳು ಚೆನ್ನಾಗಿ ಖಾಲಿಯಾಗಿದ್ದಾಗ ನಡೆದು ಏನೂ ಕಾಣದಿದ್ದರೆ ಸಾಧಾರಣ ಅಪಾಯದವರಿಗೆ ಮುಂದಿನ ತಪಾಸಣೆ ಹತ್ತು ವರ್ಷಕ್ಕೆ. ಅಡಿನೋಮಾ ತೆಗೆದಿದ್ದರೆ ಅದರ ಗಾತ್ರ, ಸಂಖ್ಯೆ, ಬಯಾಪ್ಸಿ ವರದಿ ನೋಡಿ ವೈದ್ಯರು ಮುಂದಿನ ಕೊಲೊನೋಸ್ಕೋಪಿಯ ವರ್ಷ ಹೇಳುತ್ತಾರೆ. ಆ ವರದಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಮೂರು ವರ್ಷದ ಮೇಲೆ ಹೊಸ ಕಿಟ್ ತರಿಸುವಂತೆ ನೆನಪೋಲೆ ಬಂದರೂ ಒಪ್ಪಿಕೊಳ್ಳಬೇಡಿ, ಅಡಿನೋಮಾ ತೆಗೆಸಿಕೊಂಡವರಿಗೆ ಆ ಪರೀಕ್ಷೆ ಇನ್ನು ಅನ್ವಯಿಸುವುದಿಲ್ಲ.